ಸ್ತ್ರೀಯರ ವ್ಯಾಯಾಮವೂ ಋತುಧರ್ಮವೂ

ಮನೆಯೊಳಗೆ ಆಡಲು ಸಂಕೋಚಪಡುವ ಮಾತುಗಳಲ್ಲಿ ಸ್ತ್ರೀಯರ ಋತುಧರ್ಮದ ಮಾತು ಮೊದಲನೆಯದು. ತಾಯಿ ಮಗಳಿಗೆ ಹೇಳಳು. ಮಗಳು ತಾಯಿಯನ್ನು ಕೇಳಳು. ಗಂಡಸರಂತೂ ಆ ಪ್ರಸ್ತಾಪ ಬಂದೊಡನೆ ಎದ್ದುಹೋಗುವರು. ಈ ಮೌನದಲ್ಲಿ ಎರಡು ಬಗೆಯ ನಂಬಿಕೆಗಳು ಬೆಳೆದಿವೆ. ಹೆಚ್ಚು ಓಡಾಡಿದರೆ ಗರ್ಭಕೋಶಕ್ಕೆ ಕೇಡೆಂದು ಹಿರಿಯರು ಹೇಳುವರು. ಬೆವರು ಸುರಿದಷ್ಟೂ ಹಾರ್ಮೋನು ಸರಿಹೋಗುವುದೆಂದು ಕಿರಿಯರು ವಾದಿಸುವರು. ಇವೆರಡರ ನಡುವೆ ನಿಜವೆಲ್ಲಿದೆಯೆಂದು ವಿಚಾರಮಾಡುವಂತೆ ನಮ್ಮನ್ನು ಪ್ರೇರಿಸಿದುದು ನಮ್ಮ ಬಂಧುವರ್ಗದಲ್ಲಿಯೇ ನಡೆದ ಒಂದು ಸಂಗತಿ.

ಹುಡುಗಿಗೆ ಇಪ್ಪತ್ತನಾಲ್ಕು ವಯಸ್ಸು. ದಿನವೆಲ್ಲ ಕಂಪ್ಯೂಟರಿನ ಮುಂದೆ ಕುಳಿತು ದುಡಿಯುವ ಉದ್ಯೋಗ. ಮದುವೆ ನಿಶ್ಚಯವಾದೊಡನೆ ಮೈ ಇಳಿಸಬೇಕೆಂಬ ಹಟ ಹಿಡಿಯಿತು. ಅದುವರೆಗೆ ನಾಲ್ಕು ಹೆಜ್ಜೆ ನಡೆಯದವಳು ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಓಡತೊಡಗಿದಳು. ಅನ್ನವನ್ನು ಬಿಟ್ಟು ಎರಡು ಚಪಾತಿ, ಒಂದು ಬಟ್ಟಲು ಸೌತೆಕಾಯಿಯಿಂದ ದಿನ ಕಳೆದಳು. ಮೈಯೇನೋ ಇಳಿಯಿತು, ಜೊತೆಗೆ ಮುಟ್ಟೂ ನಿಂತಿತು. ಮೂರು ತಿಂಗಳಾದ ಮೇಲೆ ವಿಷಯವು ತಾಯಿಗೆ ತಿಳಿದು ಮನೆಯಲ್ಲಿ ಅಳುವೂ ಗದ್ದಲವೂ ಎದ್ದುವು. “ಓಟವೇ ಇದಕ್ಕೆಲ್ಲ ಮೂಲ, ಇನ್ನು ಹೊಸಲು ದಾಟಕೂಡದು” ಎಂದು ಅಪ್ಪಣೆಯಾಯಿತು. ಹುಡುಗಿಯು ನಮ್ಮ ಬಳಿಗೆ ಬಂದು, “ನನಗೆ ಮುಂದೆ ಮಕ್ಕಳಾಗುವುವೆ?” ಎಂದು ಕೇಳಿದಳು. ಈ ಪ್ರಶ್ನೆಗೆ ಬರಿಯ ಸಮಾಧಾನದ ಮಾತು ಸಾಲದೆಂದು ತೋರಿ ವೈದ್ಯರನ್ನು ಕಂಡೆವು. ಬಲ್ಲವರ ಬರಹಗಳನ್ನೂ ಓದಿದೆವು.

ದೇಹದ ಒಂದು ಭಾಗದಲ್ಲಿ ಹುಟ್ಟಿ, ರಕ್ತದೊಡನೆ ಹರಿದು, ಮತ್ತೊಂದು ಭಾಗಕ್ಕೆ ಸುದ್ದಿ ಮುಟ್ಟಿಸುವ ರಸಕ್ಕೆ ಹಾರ್ಮೋನೆಂಬ ಹೆಸರನ್ನು 1905ರಲ್ಲಿ ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ಎಂಬ ವಿಜ್ಞಾನಿಯು ಬಳಕೆಗೆ ತಂದನು. ಋತುಚಕ್ರದ ಸೂತ್ರವಿರುವುದು ಮೆದುಳಿನ ತಳದಲ್ಲಿರುವ ಹೈಪೋಥಲಾಮಸ್ ಎಂಬ ಸ್ಥಾನದಲ್ಲಿ. ಅಲ್ಲಿಂದ ಮಿಡಿತ ಮಿಡಿತವಾಗಿ ಹೊರಡುವ ಸಂದೇಶವು ಪಿಟ್ಯುಟರಿ ಗ್ರಂಥಿಯನ್ನು ಎಚ್ಚರಿಸುವುದು. ಪಿಟ್ಯುಟರಿಯು ಅಂಡಾಶಯವನ್ನು ಎಚ್ಚರಿಸುವುದು. ಅಂಡಾಶಯವು ಈಸ್ಟ್ರೋಜೆನ್, ಪ್ರೊಜೆಸ್ಟರೋನ್‌ಗಳನ್ನು ಒದಗಿಸುವುದು. ಈ ಹೈಪೋಥಲಾಮಸ್ಸು ಜಾಣ ಗೃಹಿಣಿಯಂತೆ. ಕಣಜದಲ್ಲಿ ಕಾಳಿದೆಯೆ ಎಂದು ನೋಡಿಕೊಳ್ಳದೆ ಆಕೆ ನೆಂಟರನ್ನು ಕರೆಯಳು. ದೇಹದಲ್ಲಿ ಶಕ್ತಿಯ ಸಂಗ್ರಹ ಕುಂದಿತೆಂದು ಕಂಡರೆ, ಗರ್ಭಧಾರಣೆಗೆ ಇದು ಸಮಯವಲ್ಲವೆಂದು ಸಂದೇಶವನ್ನೇ ತಡೆಹಿಡಿಯುವಳು.

ಈ ಮಾತಿಗೆ ಪ್ರಮಾಣವುಂಟು. ವ್ಯಾಯಾಮದ ಅಭ್ಯಾಸವಿಲ್ಲದ 28 ಮಂದಿ ಕಾಲೇಜು ಯುವತಿಯರನ್ನು ಎರಡು ಋತುಚಕ್ರಗಳ ಕಾಲ ಕಠಿನವಾಗಿ ಓಡಿಸಿ ನೋಡಿದ ಪರೀಕ್ಷೆಯೊಂದು 1985ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ದಿನಕ್ಕೆ 4 ಮೈಲಿಯಿಂದ ಮೊದಲಾದ ಓಟವು 10 ಮೈಲಿಗೆ ಏರಿತು. ಋತುಚಕ್ರ ಕೆಡದೆ ಉಳಿದವರು ನಾಲ್ವರು ಮಾತ್ರ. ತೂಕ ಇಳಿಸಿಕೊಂಡ ಗುಂಪಿನಲ್ಲಿ ತೊಂದರೆ ಇನ್ನೂ ಹೆಚ್ಚು. ಆದರೆ ಓಟ ಮುಗಿದ ಆರು ತಿಂಗಳೊಳಗೆ ಎಲ್ಲರ ಚಕ್ರವೂ ಮೊದಲಿನಂತಾಯಿತು. ಹಾಗಾದರೆ ತಪ್ಪಿತಸ್ಥ ಓಟವೋ, ಹಸಿವೋ? ಇದನ್ನು ಬಿಡಿಸಿದವಳು ಆನ್ ಲೌಕ್ಸ್ ಎಂಬ ವಿದುಷಿ. ದುಡಿದಷ್ಟೂ ಉಣ್ಣಿಸಿದರೆ ಪಿಟ್ಯುಟರಿಯ ಮಿಡಿತ ಕೆಡದೆಂದೂ, ವ್ಯಾಯಾಮಕ್ಕೆ ವೆಚ್ಚವಾಗಿ ಮಿಕ್ಕ ಆಹಾರಶಕ್ತಿಯು ಕೊಬ್ಬನ್ನು ಬಿಟ್ಟ ದೇಹತೂಕದ ಕಿಲೋ ಒಂದಕ್ಕೆ ದಿನಕ್ಕೆ 30 ಕ್ಯಾಲೊರಿಗಿಂತ ಕೆಳಗಿಳಿದರೆ ಐದೇ ದಿನಗಳಲ್ಲಿ ಕೆಡುವುದೆಂದೂ ಆಕೆಯ 1998 ಮತ್ತು 2003ರ ಪ್ರಯೋಗಗಳಿಂದ ಕಂಡುಬಂದಿತು.

ಇನ್ನು ಮಿತವಾದ ವ್ಯಾಯಾಮದ ಮಾತು. ಮಿನ್ನೆಸೋಟಾದಲ್ಲಿ ಕುಳಿತೇ ಕಾಲಕಳೆಯುವ 391 ಯುವತಿಯರನ್ನು ಆರಿಸಿ, ಕೆಲವರಿಗೆ ವಾರಕ್ಕೆ 150 ನಿಮಿಷದಂತೆ 16 ವಾರ ವ್ಯಾಯಾಮ ಮಾಡಿಸಿದರು. 2011ರಲ್ಲಿ ಹೊರಬಂದ ಫಲಿತಾಂಶದಂತೆ ಅವರ ಸ್ತ್ರೀಹಾರ್ಮೋನುಗಳ ಪ್ರಮಾಣದಲ್ಲಿ ಗಣನೀಯವಾದ ವ್ಯತ್ಯಾಸವಾಗಲಿಲ್ಲ. ಎಂದರೆ, ಸರಿಯಾಗಿರುವುದನ್ನು ನಿತ್ಯದ ನಡಿಗೆಯು ಕೆಡಿಸದು. ಕೆಟ್ಟಿರುವಲ್ಲಿ ಅದು ಸಹಾಯಕ್ಕೆ ಬರುವುದು. ಇಂದು ಅನೇಕ ಹೆಣ್ಣುಮಕ್ಕಳನ್ನು ಕಾಡುವ ಪಿ.ಸಿ.ಓ.ಎಸ್. ಎಂಬ ತೊಂದರೆಯಲ್ಲಿ, ರಕ್ತದಲ್ಲಿ ಹೆಚ್ಚಿದ ಇನ್ಸುಲಿನ್ ಅಂಡಾಶಯದಿಂದ ಪುರುಷಹಾರ್ಮೋನನ್ನು ಹೆಚ್ಚಾಗಿ ಹೊರಡಿಸುವುದು. ದುಡಿಯುವ ಸ್ನಾಯುವು ಕಡಮೆ ಇನ್ಸುಲಿನ್ನಿನಿಂದಲೇ ಸಕ್ಕರೆಯನ್ನು ಹೀರಿಕೊಳ್ಳಬಲ್ಲುದಾದುದರಿಂದ ಈ ಒತ್ತಡ ತಗ್ಗುವುದು. ಮುಟ್ಟು ನಿಂತ ವಯಸ್ಸಿನವರಲ್ಲಿ ಈಸ್ಟ್ರೋಜೆನ್ ಹುಟ್ಟುವುದು ಬಹುಮಟ್ಟಿಗೆ ಮೈಯ ಕೊಬ್ಬಿನಲ್ಲಿ. ವ್ಯಾಯಾಮದಿಂದ ಕೊಬ್ಬು ಕರಗಿದವರಲ್ಲಿ ಅದು ಇಳಿದುದು 2004ರ ಪರೀಕ್ಷೆಯೊಂದರಲ್ಲಿ ಕಂಡಿತು. ಸ್ತನದ ಅರ್ಬುದದ ಭಯವುಳ್ಳ ಆ ವಯಸ್ಸಿನಲ್ಲಿ ಇದು ಸಣ್ಣ ಲಾಭವಲ್ಲ.

ನಮ್ಮ ಹುಡುಗಿಯ ವಿಷಯದಲ್ಲಿ ವೈದ್ಯೆಯು ಮೊದಲು ಗರ್ಭಧಾರಣೆಯೂ ಥೈರಾಯಿಡ್ ಮುಂತಾದ ಬೇರೆ ಕಾರಣಗಳೂ ಇಲ್ಲವೆಂದು ಖಚಿತಪಡಿಸಿಕೊಂಡಳು. ಹೀಗೆಯೇ ಬಿಟ್ಟರೆ ಈಸ್ಟ್ರೋಜೆನ್ನಿನ ಕೊರತೆಯಿಂದ ಮೂಳೆಗಳು ಸವೆಯುವುವೆಂದು ಎಚ್ಚರಿಸಿದಳು. ಓಟವನ್ನು ಅರ್ಧಗಂಟೆಯ ನಡಿಗೆಗೆ ಇಳಿಸಿ, ಅನ್ನ, ಬೇಳೆ, ಮೊಸರು, ತುಪ್ಪಗಳನ್ನು ಎಲೆಗೆ ಮರಳಿ ತರುವಂತೆ ಹೇಳಿದಳು. ತಾಯಿಯೂ ಮಣಿದಳು. ನಾಲ್ಕನೆಯ ತಿಂಗಳಿನಲ್ಲಿ ಹುಡುಗಿಗೆ ಮುಟ್ಟು ಬಂದಿತು. ಮೂರು ತಿಂಗಳು ಮುಟ್ಟು ತಪ್ಪಿದರೆ ನಾಚದೆ ವೈದ್ಯರನ್ನು ಕಾಣಬೇಕೆಂಬುದು ಸೋದರಿಯರಿಗೆ ನಮ್ಮ ಬಿನ್ನಹ.

ಬೀಸುವ ಕಲ್ಲು, ಒರಳು, ಬಾವಿಯ ಹಗ್ಗಗಳು ನಮ್ಮ ಅಜ್ಜಿಯರಿಗೆ ಬೇಕಾದಷ್ಟು ವ್ಯಾಯಾಮ ಕೊಟ್ಟುವು. ಆ ದಣಿವನ್ನು ಮರಳಿ ಕರೆಯಬೇಕೆಂದು ಯಾರೂ ಹೇಳರು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿರುವಂತೆ ವಾರಕ್ಕೆ 150ರಿಂದ 300 ನಿಮಿಷದ ಮಿತವಾದ ಶ್ರಮವು ಪ್ರಾಪ್ತವಯಸ್ಕರಿಗೆ ಯೋಗ್ಯವಾದುದು. ಆದರೆ ಎಷ್ಟೋ ಮನೆಗಳಲ್ಲಿ ಹೆಂಗಸು ಎಲ್ಲರಿಗೂ ಬಡಿಸಿ, ಕಡೆಯಲ್ಲಿ ಉಳಿದುದನ್ನು ಉಣ್ಣುವಳು. ಅಂತಹವಳಿಗೆ ನಡೆಯೆಂದು ಮಾತ್ರ ಉಪದೇಶಿಸಿದರೆ ಅರ್ಧ ಹೇಳಿದಂತಾಯಿತು. ಆಕೆಗೆ ದಿನಕ್ಕೆ ಅರ್ಧಗಂಟೆಯ ಬಿಡುವನ್ನೂ, ಆಕೆಯ ಎಲೆಯಲ್ಲಿ ಹೊಟ್ಟೆತುಂಬ ಊಟವನ್ನೂ ಒಟ್ಟಿಗೆ ಒದಗಿಸುವ ಹೊಣೆ ಮನೆಯವರೆಲ್ಲರದು.