ಕವಿಗಳು ಕಪ್ ಗೆಲ್ಲುವುದಿಲ್ಲವಂತೆ

ಫುಟ್‌ಬಾಲಿನಲ್ಲಿ ಕವಿಗಳಿಗೇನೂ ಕಮ್ಮಿಯಿಲ್ಲ, ಆದರೆ ಕವಿಗಳು ಕಪ್ ಗೆಲ್ಲುವುದು ಅಪರೂಪ. ಇಂಥ ಅರ್ಥದ ಒಂದು ಮಾತನ್ನು ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಆಗಿನ ಮ್ಯಾನೇಜರ್ ಜೋಸ್ ಮೊರಿನ್ಯೊ ಆಡಿದ. 2017ರ ಮೇ 24ರಂದು ಸ್ಟಾಕ್‌ಹೋಮಿನಲ್ಲಿ ಅವನ ತಂಡ ಹಾಲೆಂಡಿನ ಅಯಾಕ್ಸ್ ತಂಡವನ್ನು 2-0 ಗೋಲುಗಳಿಂದ ಸೋಲಿಸಿ ಯುರೋಪಾ ಲೀಗ್ ಕಪ್ ಎತ್ತಿದ ಮೇಲಿನ ಮಾತು ಅದು. ಗೆದ್ದವನ ಬಾಯಿ. ಯಾರು ಏನು ಅನ್ನೋಕಾಗುತ್ತದೆ?

ಓದಿದ ನಮಗೆ ಮೈ ಉರಿಯಿತು. ನಾವಾಗ ದಾವಣಗೆರೆಯಲ್ಲಿ ಬಿ.ಎ. ಓದುತ್ತಿದ್ದೆವು. ಸರ್ಕಾರಿ ಹಾಸ್ಟೆಲ್ಲಿನ ಅನ್ನ. ಹೆಬ್ಬೆಟ್ಟು ಒತ್ತುವ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾವೇ ಮೊದಲು. ಹಿಡಿದ ಪೆನ್ನಿನಲ್ಲಿ ನೋಟ್ಸಿಗಿಂತ ಕವಿತೆಯನ್ನೇ ಹೆಚ್ಚು ಬರೆದು, ಗೋಡೆ ಪತ್ರಿಕೆಗೆ ಅಂಟಿಸಿ, ಕವಿ ಅನ್ನಿಸಿಕೊಂಡು ಎದೆಯುಬ್ಬಿಸಿ ತಿರುಗುತ್ತಿದ್ದ ಕಾಲ. ಈಗ ಮೊರಿನ್ಯೊ ಮೇಲೆ ಸಿಟ್ಟಿಲ್ಲ. ಸಿಟ್ಟು ನಮ್ಮ ಮೇಲೆಯೇ ಇದೆ. ಯಾಕೆ ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇವೆ.

ದಾವಣಗೆರೆ ಹುಡುಗರಿಗೆ ಮ್ಯಾಂಚೆಸ್ಟರ್ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಪಾಠದ ಪುಸ್ತಕದಿಂದಲೇ ಬಂತು. 'ಕರ್ನಾಟಕದ ಮ್ಯಾಂಚೆಸ್ಟರ್ ಯಾವುದು?' ಒಂದು ಅಂಕದ ಪ್ರಶ್ನೆ. ದಾವಣಗೆರೆ ಎಂದು ಬರೆದರೆ ಅಂಕ. ನಾವು ಈ ಊರಿಗೆ ಬರುವ ಹೊತ್ತಿಗೆ ಹತ್ತಿ ಗಿರಣಿಗಳ ಸದ್ದು ಅಡಗಿ ಎಷ್ಟೋ ವರ್ಷವಾಗಿತ್ತು, ಅಂಕ ಮಾತ್ರ ಉಳಿದಿತ್ತು. ಆಮೇಲೆ ಗೊತ್ತಾಯಿತು, ನಿಜವಾದ ಮ್ಯಾಂಚೆಸ್ಟರಿನಲ್ಲಿ ಒಂದು ಕೆಂಪಂಗಿ ತಂಡವಿದೆ, ಅದನ್ನು 1878ರಲ್ಲಿ ಕಟ್ಟಿದವರು ನ್ಯೂಟನ್ ಹೀತ್ ಎಂಬಲ್ಲಿ ರೈಲು ಬೋಗಿಗಳ ಕೆಲಸ ಮಾಡುತ್ತಿದ್ದ ಕಾರ್ಮಿಕರು ಎಂದು. ನಮಗೆ ಅಷ್ಟು ಸಾಕಾಯಿತು. ದುಡಿಯುವವರ ತಂಡ, ನಮ್ಮ ತಂಡ. ಅದು 2005ರಲ್ಲೇ ಅಮೆರಿಕದ ಗ್ಲೇಜರ್ ಮನೆತನದ ಕೈಗೆ ಹೋಗಿದೆ, ಕೊಳ್ಳಲು ಮಾಡಿದ ಸಾಲವನ್ನು ಕ್ಲಬ್ಬಿನ ತಲೆ ಮೇಲೇ ಹೊರಿಸಿದ್ದಾರೆ, ಸಿಟ್ಟಾದ ಒಂದಿಷ್ಟು ಅಭಿಮಾನಿಗಳು ಎದ್ದು ಹೋಗಿ ತಮ್ಮದೇ ಬೇರೆ ಕ್ಲಬ್ಬು ಕಟ್ಟಿಕೊಂಡಿದ್ದಾರೆ ಎಂಬುದೆಲ್ಲ ತಿಳಿದದ್ದು ತಡವಾಗಿ. ಅಷ್ಟರಲ್ಲಿ ಪ್ರೀತಿ ಅಂಟಿಬಿಟ್ಟಿತ್ತು.

ಆಟ ನೋಡುವಂಥ ಮೊಬೈಲು ಇದ್ದದ್ದು ಒಬ್ಬ ಗೆಳೆಯನ ಹತ್ತಿರ. ಊರಿನವನೇ, ಮಂಡಕ್ಕಿ ಭಟ್ಟಿಯವರ ಮಗ, ಮುಸ್ಲಿಮರ ಹುಡುಗ. ಬೆಳಗಿನ ಜಾವ ಎದ್ದು ಹೊಗೆಯಲ್ಲಿ ಅಪ್ಪನ ಜೊತೆ ಮಂಡಕ್ಕಿ ಹುರಿದು, ಮೈ ತೊಳೆದುಕೊಂಡು ಕಾಲೇಜಿಗೆ ಬರುತ್ತಿದ್ದ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಸಿಮ್ ಬಂದು ಡೇಟಾ ಪುಕ್ಕಟೆಯಾದ ಮೇಲೆ ನಮ್ಮ ರಾತ್ರಿಗಳೇ ಬದಲಾದವು. ಮ್ಯಾಚಿನ ರಾತ್ರಿ ಅವನು ಹಾಸ್ಟೆಲ್ಲಿನ ಕಾಂಪೌಂಡು ಹಾರಿ ಬರುವನು. ಜೇಬಲ್ಲಿ ಮೊಬೈಲು, ಕೈಯಲ್ಲಿ ಪೇಪರಿನಲ್ಲಿ ಕಟ್ಟಿದ ಖಾರ ಮಂಡಕ್ಕಿ. ತಾರಸಿ ಮೇಲೆ ಆರು ತಲೆ, ಅಂಗೈಯಗಲದ ಒಂದು ಪರದೆ.

ಫೈನಲ್ಲಿಗೆ ಎರಡು ದಿನ ಇತ್ತು. ಮೇ 22ರ ರಾತ್ರಿ ಮ್ಯಾಂಚೆಸ್ಟರ್ ಅರೀನಾದಲ್ಲಿ ಅರಿಯಾನಾ ಗ್ರಾಂಡೆಯ ಹಾಡು ಕೇಳಿ ಹೊರಬರುತ್ತಿದ್ದ ಜನರ ನಡುವೆ ಒಬ್ಬ ಬೆನ್ನಚೀಲದಲ್ಲಿ ಹೊತ್ತು ತಂದಿದ್ದ ಬಾಂಬು ಸಿಡಿಸಿಕೊಂಡ. 22 ಜನ ಸತ್ತರು. ಹಾಡು ಕೇಳಲು ಹೋದ ಮಕ್ಕಳು, ಅವರನ್ನು ಮನೆಗೆ ಕರೆದೊಯ್ಯಲು ಬಾಗಿಲಲ್ಲಿ ಕಾದಿದ್ದ ಹೆತ್ತವರು. ಎಲ್ಲರಿಗಿಂತ ಚಿಕ್ಕದು ಎಂಟು ವರ್ಷದ ಕೂಸು. ಸಿಡಿಸಿದವನು ಅದೇ ಊರಲ್ಲಿ ಹುಟ್ಟಿ ಬೆಳೆದವನು. ಅವನ ತಂದೆತಾಯಿ ಲಿಬಿಯಾದಿಂದ ಬಂದವರು.

ಮಾರನೇ ದಿನ ರಾತ್ರಿ ಮೆಸ್ಸಿನಲ್ಲಿ ಊಟಕ್ಕೆ ಕೂತಿದ್ದೆವು. ನೋಟ್ಸಿಗೆಂದು ಬಂದಿದ್ದ ಗೆಳೆಯನೂ ನಮ್ಮ ಪಕ್ಕದಲ್ಲಿದ್ದ. ಎದುರು ಸಾಲಿನಿಂದ ಒಬ್ಬ ಸೀನಿಯರ್ ಅಂದ: 'ಏನಲೇ, ನಿಮ್ಮೋರು ಮತ್ತೆ ಶುರು ಹಚ್ಕಂಡ್ರಲ್ಲ?'

ಯಾರೋ ನಕ್ಕರು. ಗೆಳೆಯ ತಟ್ಟೆ ನೋಡಿದ. ನಾವೂ ನಮ್ಮ ನಮ್ಮ ತಟ್ಟೆ ನೋಡಿದೆವು.

ಗೆಳೆಯರೇ, ಈ 'ನಿಮ್ಮೋರು' ಎಂಬ ಮಾತು ನಮಗೆ ಹೊಸದಲ್ಲ. ಸ್ಕಾಲರ್‌ಶಿಪ್ ಪಟ್ಟಿ ಓದುವಾಗ, ಬಾಡಿಗೆಗೆ ರೂಮು ಕೇಳಲು ಹೋದಾಗ, 'ನಿಮ್ಮೋರಿಗೇನಪ್ಪ, ಎಲ್ಲಾ ಪುಕ್ಕಟೆ' ಎಂದು ಅನ್ನಿಸಿಕೊಂಡವರು ನಾವು. ಒಬ್ಬ ಮಾಡಿದ್ದಕ್ಕೆ ಇಡೀ ಕೇರಿಯನ್ನೇ ಕಟಕಟೆಗೆ ನಿಲ್ಲಿಸುವ ಮಾತು ಅದು. ಅದರ ಏಟು ಎಲ್ಲಿ ಬೀಳುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ಆ ಸೀನಿಯರ್ ನಮ್ಮವನೇ. ನಮ್ಮನ್ನು ಮೊದಲು ಸಭೆಗಳಿಗೆ ಕರೆದೊಯ್ದವನು, ಅಂಬೇಡ್ಕರರ ಪುಸ್ತಕ ಕೈಗಿಟ್ಟವನು. ಅವನ ಎದುರು ಹೇಗೆ ಮಾತಾಡುವುದು ಎಂದುಕೊಂಡೆವು. ನೆಪಕ್ಕೆ ಬರವೇ?

24ರ ರಾತ್ರಿ ಗೆಳೆಯ ಬರುವುದಿಲ್ಲ ಎಂದುಕೊಂಡಿದ್ದೆವು. ಹನ್ನೊಂದೂವರೆಗೆ ಕಾಂಪೌಂಡಿನ ಕಡೆಯಿಂದ ಧೊಪ್ಪನೆ ಸದ್ದಾಯಿತು. ಮೊಬೈಲು, ಮಂಡಕ್ಕಿ ಎರಡನ್ನೂ ತಂದಿದ್ದ. ಕೂತವನು ಮೊದಲು ಒಂದು ಸುದ್ದಿ ತೋರಿಸಿದ. ಉತ್ತರ ಪ್ರದೇಶದ ಸಹಾರನ್‌ಪುರದ ಸುದ್ದಿ. ಮೇ 5ರಂದು ಅಲ್ಲಿನ ಶಬ್ಬೀರ್‌ಪುರದಲ್ಲಿ ಠಾಕೂರರು ದಲಿತರ ಮನೆಗಳಿಗೆ ಬೆಂಕಿ ಇಟ್ಟಿದ್ದರು. 23ರಂದು ಮಾಯಾವತಿಯವರು ಆ ಊರಿಗೆ ಬಂದು ಹೋದರು. ಅವರ ಮಾತು ಕೇಳಿ ಮನೆಗೆ ಮರಳುತ್ತಿದ್ದ ದಲಿತರ ಮೇಲೆ ದಾರಿಯಲ್ಲಿ ಹಲ್ಲೆಯಾಗಿ ಒಬ್ಬ ಸತ್ತಿದ್ದ.

'ನೋಡ್ರಲೇ, ನಿಮ್ಮೋರನ್ನ ಹೆಂಗ್ ಹೊಡದಾರೆ' ಅಂದ. ದನಿ ಇಳಿದಿತ್ತು.

ಅದೇ ಪದ. ಹಿಂದಿನ ರಾತ್ರಿ ಕಲ್ಲಿನ ಹಾಗೆ ಬಂದು ಬಿದ್ದದ್ದು ಇವನ ಬಾಯಲ್ಲಿ ಹೆಗಲ ಮೇಲಿಟ್ಟ ಕೈಯಾಗಿತ್ತು. ನಾವು ಹೂಂ ಅಂದೆವು. ಅಷ್ಟೇ ಅಂದದ್ದು.

ನಮ್ಮ ಗಡಿಯಾರದಲ್ಲಿ ಹನ್ನೆರಡೂಕಾಲಿಗೆ ಆಟ. ಅದಕ್ಕೆ ಮುಂಚೆ ಸತ್ತವರಿಗಾಗಿ ಮೌನ. ಉದ್ಘಾಟನೆಯ ಕುಣಿತ ರದ್ದಾಗಿತ್ತು, ಯುನೈಟೆಡ್ ಆಟಗಾರರ ತೋಳಿಗೆ ಕಪ್ಪು ಪಟ್ಟಿ ಇತ್ತು. ತಾರಸಿ ಮೇಲೆ ನಾವೂ ಎದ್ದು ನಿಂತೆವು. ದೂರದವರಿಗಾಗಿ ಮೌನ ನಿಲ್ಲುವುದು ಎಷ್ಟು ಸಲೀಸು! ಪಕ್ಕದಲ್ಲಿ ನಿಂತವನಿಗಾಗಿ ಒಂದು ಮಾತು ಆಡುವುದೇ ಕಷ್ಟ.

ಆಟದ ಬಗ್ಗೆ ಹೇಳುವುದಾದರೆ, ಉಪ್ಪಿಲ್ಲದ ಸಾರು. ಅಷ್ಟು ಸಪ್ಪೆ ಗೆಲುವನ್ನು ನಾವು ಅದಕ್ಕೆ ಮುಂಚೆ ನೋಡಿರಲಿಲ್ಲ. ಅಯಾಕ್ಸಿನವರು ಎಳೆಯ ಹುಡುಗರು. ಅವರ ಡಿ ಲಿಖ್ಟ್‌ಗೆ ಬರೀ 17 ವರ್ಷ. ಚೆಂಡು ಹೆಚ್ಚು ಹೊತ್ತು ಅವರ ಕಾಲಲ್ಲೇ ಓಡಾಡಿತು. ಯುನೈಟೆಡ್‌ನವರು ಅದನ್ನು ಬೇಕೆಂದೇ ಬಿಟ್ಟುಕೊಟ್ಟು ಗೋಡೆ ಕಟ್ಟಿ ನಿಂತರು. ಉದ್ದಕ್ಕೆ ಒದ್ದು ಎತ್ತರದ ಫೆಲ್ಲೈನಿಯ ತಲೆಗೆ ಹಾಕುವುದು, ಎದುರಿನ ಹುಡುಗರು ಎಡವಲಿ ಎಂದು ಕಾಯುವುದು. 18ನೇ ನಿಮಿಷದಲ್ಲಿ ಪೋಗ್ಬಾ ಒದ್ದ ಚೆಂಡು ಅಯಾಕ್ಸಿನ ಸಾಂಚೆಸ್‌ಗೆ ತಾಗಿ ದಿಕ್ಕು ತಪ್ಪಿ ಬಲೆಗೆ ಬಿತ್ತು. 48ನೇ ನಿಮಿಷದಲ್ಲಿ ಕಾರ್ನರಿನಿಂದ ಬಂದದ್ದನ್ನು ಮಿಖಿತಾರಿಯನ್ ಗೋಲಿಗೆ ಬೆನ್ನು ಮಾಡಿ ಕಾಲಲ್ಲಿ ತಟ್ಟಿ ಒಳಗೆ ಹಾಕಿದ. ಉಳಿದ ಹೊತ್ತೆಲ್ಲ ಕಾವಲು. ಆ ವರ್ಷ ಲೀಗಿನಲ್ಲಿ ತಂಡ ಆರನೇ ಜಾಗಕ್ಕೆ ಬಿದ್ದಿತ್ತು. ಈ ಕಪ್ ಸಿಕ್ಕರೆ ಮಾತ್ರ ಮುಂದಿನ ವರ್ಷ ಚಾಂಪಿಯನ್ಸ್ ಲೀಗ್, ಅಲ್ಲಿನ ಹಣ. ಹಾಗಾಗಿ ಆಟ ಬೇಡ, ಗೆಲುವು ಬೇಕು. ಲೆಕ್ಕ ಸರಿಯಾಗಿಯೇ ಇತ್ತು.

ಪೋಗ್ಬಾನನ್ನು 2016ರಲ್ಲಿ 8.9 ಕೋಟಿ ಪೌಂಡು ಕೊಟ್ಟು ತಂದಿದ್ದರು. ಅವತ್ತಿಗೆ ಲೋಕದಲ್ಲೇ ಅತಿ ದುಬಾರಿ ಆಟಗಾರ. ಗಿನಿ ದೇಶದಿಂದ ಫ್ರಾನ್ಸಿಗೆ ಬಂದವರ ಮಗ, ಕಪ್ಪು ಜನ, ಮುಸ್ಲಿಮ. ಅದೇ ತಿಂಗಳು ಅಪ್ಪನನ್ನು ಕಳೆದುಕೊಂಡಿದ್ದ. ಅಳುತ್ತಿದ್ದ ಊರಿಗೆ ಮೊದಲ ಗೋಲು ಕೊಟ್ಟವನು ಅವನು. ಸೀನಿಯರ್ ಹೇಳಿದ 'ನಿಮ್ಮೋರು' ಎಂಬುದರಲ್ಲಿ ಇವನೂ ಸೇರಬೇಕಲ್ಲ? ಸೇರಿಸುವುದಿಲ್ಲ. ಗೋಲು ಹೊಡೆದರೆ ನಮ್ಮೋನು, ಬಾಂಬು ಬಿದ್ದರೆ ನಿಮ್ಮೋನು.

ಆ ಗೋಲಿಗೆ ನಾವು ಐವರೂ ಎದ್ದು ಕುಣಿದೆವು. ಗೆಳೆಯ ಮೊಬೈಲು ಅಲುಗದ ಹಾಗೆ ಹಿಡಿದು ಕೂತೇ ಇದ್ದ. ಪೋಗ್ಬಾ ಗೋಲು ಹೊಡೆದರೆ ಎಲ್ಲರಿಗಿಂತ ಮೊದಲು ಕೂಗುತ್ತಿದ್ದವನು ಅವನೇ. ಅವತ್ತು ಕೂಗಲಿಲ್ಲ. ಕೂಗಬಹುದೋ ಬಾರದೋ ಎಂದು ಅಳೆದು ನೋಡುವ ಹಾಗೆ ಅವನನ್ನು ಮಾಡಿದವರು ಯಾರು? ಆ ಸೀನಿಯರ್ ಒಬ್ಬನೇ ಏನು?

ಸತ್ತವರ ಜೀವ ಮರಳುವುದಾದರೆ ಈ ಕಪ್ ಕೊಟ್ಟುಬಿಡುತ್ತೇವೆ ಎಂದೂ ಮೊರಿನ್ಯೊ ಅವತ್ತು ಹೇಳಿದ. ಅದು ಮನುಷ್ಯನ ಮಾತು. ಕವಿಗಳನ್ನು ಹಂಗಿಸಿದ್ದೂ ಅದೇ ಬಾಯಿ. ಆದರೆ ಹಿಂದಿನ ದಿನ ಮ್ಯಾಂಚೆಸ್ಟರಿನ ಆಲ್ಬರ್ಟ್ ಚೌಕದಲ್ಲಿ ಸಾವಿರಾರು ಜನ ಸೇರಿ ಸತ್ತವರನ್ನು ನೆನೆದಾಗ, ಅವರ ಎದುರು ನಿಂತವರಲ್ಲಿ ಒಬ್ಬ ಕವಿಯಿದ್ದ. ಟೋನಿ ವಾಲ್ಷ್. ಆ ಊರನ್ನೂ ಅದರ ದುಡಿಮೆಯನ್ನೂ ಜನರನ್ನೂ ಕುರಿತು ತಾನು ಮೊದಲೇ ಬರೆದಿದ್ದ 'ದಿಸ್ ಈಸ್ ದಿ ಪ್ಲೇಸ್' ಎಂಬ ಕವಿತೆ ಓದಿದ. ಅಳುತ್ತಿದ್ದ ಜನ ಚಪ್ಪಾಳೆ ತಟ್ಟಿದರು. ಬಾಂಬು ಸಿಡಿದ ರಾತ್ರಿ ದಿಕ್ಕೆಟ್ಟವರನ್ನು ಕಾಸು ಕೇಳದೆ ಮನೆ ಮುಟ್ಟಿಸಿದ ಟ್ಯಾಕ್ಸಿಯವರಲ್ಲಿ ಮುಸ್ಲಿಮರಿದ್ದರು, ಸಿಖ್ಖರಿದ್ದರು.

ಕವಿ ಕಪ್ ಗೆಲ್ಲಲಿಲ್ಲ, ಎದ್ದು ನಿಂತ. ಅದೇ 23ರಂದು, ಕವಿ ಅನ್ನಿಸಿಕೊಂಡ ನಾವು ತಟ್ಟೆಯಲ್ಲಿ ಬೆರಳಾಡಿಸುತ್ತಾ ಕೂತಿದ್ದೆವು. ಆ ಮಂಕು ಗೆಲುವಿಗೂ ನಮ್ಮ ಸುಮ್ಮನಿರುವಿಕೆಗೂ ಏನು ವ್ಯತ್ಯಾಸ? ಮೊರಿನ್ಯೊ ಕಪ್ಪಿಗಾಗಿ ಆಟ ಬಿಟ್ಟ. ನಾವು ಹಾಸ್ಟೆಲ್ಲಿನಲ್ಲಿ ನೆಮ್ಮದಿಯಾಗಿರಲು ಮಾತು ಬಿಟ್ಟೆವು.

2025ರ ಮೇ 21ರಂದು ಅದೇ ಕಪ್ಪಿನ ಫೈನಲ್ ಸ್ಪೇನಿನ ಬಿಲ್ಬಾವೊದಲ್ಲಿ ನಡೆಯಿತು. ಟಾಟನ್‌ಹ್ಯಾಮ್ ತಂಡ 42ನೇ ನಿಮಿಷದಲ್ಲಿ ಒಂದು ಗೋಲು ದಕ್ಕಿಸಿಕೊಂಡು ಗೋಡೆ ಕಟ್ಟಿತು. ಈ ಸಲ ಗೋಡೆಯ ಆಚೆ ನಾವು. ಗೆದ್ದವರು ಆ ವರ್ಷ ಲೀಗಿನಲ್ಲಿ 17ನೆಯವರು, ನಾವು 15. ಗೆಲ್ಲಿಸಿಕೊಟ್ಟ ಮ್ಯಾನೇಜರ್ ಪೋಸ್ಟೆಕೊಗ್ಲುವನ್ನು 16 ದಿನದಲ್ಲಿ ಮನೆಗೆ ಕಳಿಸಿದರು. ಕಾರ್ಮಿಕರು ಕಟ್ಟಿದ ನಮ್ಮ ಕ್ಲಬ್ಬು ಅಷ್ಟರಲ್ಲಿ 250 ನೌಕರಿಗಳನ್ನು ಕಿತ್ತುಹಾಕಿ, ಇನ್ನೂ 200ರವರೆಗೆ ಹೋಗಲಿವೆ ಎಂದು ಸಾರಿ, ಉಳಿದ ನೌಕರರ ಪುಕ್ಕಟೆ ಊಟಕ್ಕೂ ಕತ್ತರಿ ಹಾಕಿತ್ತು. ಹಾಸ್ಟೆಲ್ ಅನ್ನ ಉಂಡವರಿಗೆ ಸೋಲಿಗಿಂತ ಆ ಸುದ್ದಿಯೇ ಹೆಚ್ಚು ಚುಚ್ಚಿತು.

ಮ್ಯಾಚು ಮುಗಿದ ಮೇಲೆ ಗೆಳೆಯನಿಗೆ ಫೋನು ಮಾಡಿದೆವು. ಅವನೀಗ ಹಳ್ಳಿಯ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕ. ಆಟದ ಮಾತು ಮುಗಿಯಿತು. ಆಮೇಲೆ ಅಂದೆವು: 'ಅವತ್ತು ಮೆಸ್ಸಿನಾಗೆ ನಾವು ಮಾತಾಡ್ಬೇಕಿತ್ತಲೇ.'

'ಯಾವತ್ತು?' ಅಂದ. ಸ್ವಲ್ಪ ಹೊತ್ತು ಬಿಟ್ಟು ಅವನೇ ಹೇಳಿದ: 'ನಮ್ ಕ್ಲಾಸಿನಾಗೆ ಹುಡುಗ್ರು ಈಗ್ಲೂ ಒಬ್ರಿಗೊಬ್ರು ಹಂಗೇ ಅಂತಾರೆ. ನಾನು ಬೈದ್ರೆ ಬ್ಯಾರೆ ಅರ್ಥ ಆಗ್ತತಿ. ನೀವೊಂದ್ಸಲ ಬಂದು ಮಾತಾಡ್ರಲೇ.'

ಶಾಲೆ ತೆರೆದ ಮೇಲೆ ಹೋದೆವು. ಕವಿತೆ ಓದಲಿಲ್ಲ. ಮೆಸ್ಸಿನ ಆ ರಾತ್ರಿಯನ್ನೇ ಹೇಳಿದೆವು, ಹೆಸರು ಬಿಟ್ಟು, ನಮ್ಮ ತಪ್ಪು ಬಿಡದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ಕೇಳಿದ: 'ಸಾರ್, ಅವಾಗ ಯಾಕೆ ಸುಮ್ನಿದ್ರಿ?'

ಎಂಟು ವರ್ಷ ಕಟ್ಟಿಟ್ಟುಕೊಂಡಿದ್ದ ನೆಪಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. 'ಹೆದರಿದ್ವಿ' ಅಂದೆವು.