ಕಲ್ಯಾಣದ ಅಡವಿಗೆ

ಮಾಣಿಕನಗರ

ಕಲ್ಯಾಣದ ಅಡವಿಯೇ,

ಶರಣ ಮೋಳಿಗೆ ಮಾರಯ್ಯನವರ ಕತೆ ಇಂದಿಗೂ ನಮ್ಮ ಬಾಯಲ್ಲಿದೆ. ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಬಂದವರು, ದಿನವೂ ಕಟ್ಟಿಗೆ ಹೊರೆ ಹೊತ್ತು ತಂದು ಮಾರಿ, ಬಂದ ಕಾಸಿನಲ್ಲಿ ದಾಸೋಹ ನಡೆಸಿದರು ಎಂದು ಹೇಳಿಕೊಳ್ಳುತ್ತೇವೆ. ಆದರೆ ಆ ಹೊರೆ ಕೊಟ್ಟ ನಿನ್ನನ್ನು ಯಾರೂ ನೆನೆಯುವುದಿಲ್ಲ. ನುಲಿಯ ಚಂದಯ್ಯನವರು ಹೊಸೆದ ಹಗ್ಗದ ಹುಲ್ಲು ಬೆಳೆದದ್ದೂ ನಿನ್ನ ಅಂಚಿನಲ್ಲೇ ಇದ್ದೀತು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಎಷ್ಟೋ ಜನರ ಕಾಯಕ ನಿನ್ನ ನೆರಳಿನಲ್ಲಿ ನಡೆದಿತ್ತು.

ಹಾಗೆಂದು ಆ ಕಾಲದವರೆಲ್ಲ ನಿನ್ನನ್ನು ಕಾಪಾಡಿದರು ಎನ್ನಲಾರೆ. ರಾಜಧಾನಿಯ ಒಲೆ, ಕುಲುಮೆ, ಸುಣ್ಣದ ಗೂಡು ತಲೆಹೊರೆಯಿಂದಷ್ಟೇ ಉರಿದಿರಲಾರವು. ಆದರೂ ಒಬ್ಬರು ಒಂದು ದಿನಕ್ಕೆ ಹೊರುವಷ್ಟು ಒಣಕಟ್ಟಿಗೆ ತೆಗೆದರೆ ನೀನು ತಾಳಿಕೊಳ್ಳುತ್ತಿದ್ದೆ. ನಿನಗೆ ತಾಳಲಾಗದ ಕಡಿತ, ಮೇವು, ಬೆಂಕಿ ಮುಂದೆ ಬಂದವು.

ಶರಣರ ಕಾಲದ ಬಹಳ ನಂತರ ನಿನ್ನೊಳಗೆ ಬಂದವರು ನಮ್ಮ ಪ್ರಭುಗಳು. 1817ರಲ್ಲಿ ಲಾಡವಂತಿಯಲ್ಲಿ ಹುಟ್ಟಿ ಕಲ್ಯಾಣದಲ್ಲಿ ಬೆಳೆದ ಮಾಣಿಕ ಪ್ರಭುಗಳು, ಹುಡುಗರಾಗಿದ್ದಾಗ ಮನೆಯಲ್ಲಿ ಹೇಳದೆ ಅಡವಿ ಸೇರುತ್ತಿದ್ದರಂತೆ. 1845ರಲ್ಲಿ ಅವರು ನೆಲೆ ನಿಂತದ್ದು ಹುಮನಾಬಾದಿನ ಹತ್ತಿರದ ಈ ಮಾಣಿಕನಗರದಲ್ಲಿ, ವಿರಜಾ, ಗುರುಗಂಗಾ ನದಿಗಳ ಸಂಗಮದಲ್ಲಿ. ಅವರನ್ನು ದತ್ತನ ಅವತಾರವೆಂದು ನಂಬುವುದರಿಂದ ಇಂದು ದತ್ತ ಜಯಂತಿಗೆ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ದತ್ತನ ಭಕ್ತರು ಔದುಂಬರಕ್ಕೆ, ಅಂದರೆ ಅತ್ತಿ ಮರಕ್ಕೆ, ಪ್ರದಕ್ಷಿಣೆ ಹಾಕುತ್ತಾರೆ, ಅದರ ಟೊಂಗೆ ಮುರಿಯಲು ಕೈ ಹೆದರುತ್ತದೆ. ಆ ಭಯಭಕ್ತಿಯಲ್ಲಿ ಸ್ವಲ್ಪ ಪಕ್ಕದ ಗುಡ್ಡದ ಕಾರೆ, ಬಾರೆ, ಮುತ್ತುಗಕ್ಕೂ ಸಿಕ್ಕಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ.

ನೀನು ಹೋದ ಮೇಲೆ ನೀರಿನ ದಾರಿ ತಪ್ಪಿತು. ಬೀದರ ಸೀಮೆಯ ಎತ್ತರದ ನೆಲ ಕೆಂಪುಕಲ್ಲಿನದು, ರಂಧ್ರ ರಂಧ್ರದ ಕಲ್ಲು. ಅದರ ಅಡಿಯಲ್ಲಿ ನೀರನ್ನು ಸುಲಭಕ್ಕೆ ಒಳಗೆ ಬಿಡದ ಕರಿಕಲ್ಲು. ತರಗೆಲೆಯ ಹಾಸು ಮಳೆಯ ಪೆಟ್ಟು ತಡೆದರೆ ನೀರು ನಿಧಾನವಾಗಿ ಕೆಂಪುಕಲ್ಲಿಗೆ ಇಳಿಯುತ್ತದೆ, ಎರಡು ಕಲ್ಲು ಕೂಡುವಲ್ಲಿ ಝರಿಯಾಗಿ ಹೊರಬರುತ್ತದೆ. ಹಾಸು ಇಲ್ಲದ ಗುಡ್ಡದಲ್ಲಿ ಅದೇ ಮಳೆ ಮಣ್ಣು ಎಳೆದುಕೊಂಡು ಹಳ್ಳಕ್ಕೆ ಓಡುತ್ತದೆ. ಬೋರ್‌ವೆಲ್ ಬತ್ತಿತೆಂದು ಮತ್ತೂ ಆಳಕ್ಕೆ ಕೊರೆಸುವ ರೈತ ಮೊದಲು ತಲೆಯೆತ್ತಿ ಗುಡ್ಡ ನೋಡಬೇಕು.

ನಿನ್ನ ಬಳಗ ಪೂರ್ತಿ ಅಳಿದಿಲ್ಲ. ಬಸವಕಲ್ಯಾಣ ತಾಲ್ಲೂಕಿನಲ್ಲಿ ಹುಟ್ಟುವ ಮುಲ್ಲಾಮಾರಿ ಚಿಂಚೋಳಿ ಸೀಮೆಗೆ ಹರಿಯುತ್ತದೆ. ಆ ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು, ಸುಮಾರು 135 ಚದರ ಕಿಲೋಮೀಟರ್. ಬಯಲುಸೀಮೆಯಲ್ಲಿ ಇಷ್ಟು ಕಾಡು ಉಳಿದದ್ದು ನನಗೆ ದೊಡ್ಡ ಸಮಾಧಾನ.

ಇಲ್ಲಿಯೂ ನೀನು ಪೂರಾ ಸತ್ತಿಲ್ಲ ಎಂದು ಗುಡ್ಡದ ಮೇಲೆ ಕುಳಿತು ನೋಡಿದರೆ ತಿಳಿಯುತ್ತದೆ. ಕಡಿದ ಮುತ್ತುಗದ ಬೊಡ್ಡೆಯೊಂದು ಮೊಳಕಾಲೆತ್ತರ ಚಿಗುರಿದೆ. ಮೂರು ಮೂರು ಎಲೆ, ಮೇಲೆಲ್ಲ ಕೆಂಪು ಧೂಳು. ತುದಿಗಳನ್ನು ಆಡು ಕಚ್ಚಿದೆ. ಕಚ್ಚಿದ ಕೆಳಗೆ ಮತ್ತೊಂದು ಕುಡಿ ಒಡೆದಿದೆ, ಅದನ್ನೂ ಕಚ್ಚಿದೆ. ಬುಡದ ಒಂದು ಮಗ್ಗುಲು ಹೋದ ಬೇಸಿಗೆಯ ಬೆಂಕಿಗೆ ಕರಿಕಾಗಿದೆ. ನೆಲದೊಳಗಿನ ಬೇರು ಗಟ್ಟಿಯಾಗಿದೆ, ಮೇಲಿನ ಚಿಗುರಿಗೆ ಬೆಳೆಯಲು ಪುರಸೊತ್ತು ಬೇಕು.

1950ರಿಂದ ದೇಶದಲ್ಲಿ ವನಮಹೋತ್ಸವ ನಡೆಯುತ್ತಿದೆ, ಜುಲೈ ಬಂದರೆ ಸಸಿ ನೆಡುತ್ತೇವೆ. ಒಳ್ಳೆಯದೇ. ಆದರೆ ನಮ್ಮಂಥ ಒಣ ಸೀಮೆಯಲ್ಲಿ ಅಡವಿ ಉಳಿಯುವುದು, ಅಳಿಯುವುದು ಮಾರ್ಚ್‌ನಿಂದ ಮೇ ತನಕ. ಫೋಟೊ ತೆಗೆಯುವವರು ಆಗ ಬರುವುದಿಲ್ಲ. ಬಿಸಿಲಲ್ಲಿ, ಬೆಂಕಿ ಹರಡದಂತೆ ಬೆಂಕಿರೇಖೆ ಸವರುವ, ಹೊಗೆ ಕಂಡ ಕಡೆ ಹಸಿ ಟೊಂಗೆ ಹಿಡಿದು ಓಡುವ ಕೂಲಿ ವಾಚರ್‌ಗಳೇ ನಿನ್ನ ನಿಜವಾದ ಆಳುಗಳು. ಅವರಿಗೆ ತಿಂಗಳು ತಿಂಗಳು ಸರಿಯಾಗಿ ಪಗಾರ ಸಿಗುವುದು ಸಸಿ ನೆಡುವಷ್ಟೇ ಮುಖ್ಯ ಎಂದು ನಾನು ನಂಬಿದ್ದೇನೆ.

ಆಡು ಕಾಯುವವರನ್ನು ಬೈದು ಓಡಿಸಿ ನಿನ್ನನ್ನು ಕರೆತರಲಾಗದು. ಅವರ ಮನೆಯ ಒಲೆಯೂ ಉರಿಯಬೇಕು. 1993ರಿಂದ ರಾಜ್ಯದಲ್ಲಿ ಇರುವ ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿದ್ದು ಊರವರೊಂದಿಗೆ ಕೂತು ಮಾಡುವ ಇಂಥ ಮಾತುಕತೆಗೆ. ಗುಡ್ಡದ ಒಂದು ಮಗ್ಗುಲನ್ನು ಮೂರು ಮಳೆಗಾಲ ಮೇಯಿಸದೆ ಬಿಡುವುದು, ಅಲ್ಲಿನ ಹುಲ್ಲನ್ನು ಕೊಯ್ದು ಮೊದಲು ಆಡು, ದನ ಸಾಕಿದವರಿಗೇ ಕೊಡುವುದು, ಆ ಮೇಲೆ ಇನ್ನೊಂದು ಮಗ್ಗುಲು. ಇಷ್ಟನ್ನು ನಮ್ಮ ಊರವರ ಮುಂದೆ ಇಡಬೇಕೆಂದಿದ್ದೇನೆ. ಹುಲ್ಲು ಒಣಗುವ ಮೊದಲೇ ಕೂಡಬೇಕು. ಬೆಂಕಿರೇಖೆ ಎಲ್ಲಿಂದ ಎಲ್ಲಿಗೆ ಎಂಬುದನ್ನು ಆಡು ಕಾಯುವವರೇ ತೋರಿಸಲಿ, ಗುಡ್ಡದ ಕಾಲುದಾರಿಗಳೆಲ್ಲ ಅವರಿಗೆ ಗೊತ್ತು.

ಇಂತಿ,
ಮಾಣಿಕನಗರದ ಒಬ್ಬ ಭಕ್ತ