ಹೇರೆತ್ತಿನ ಬೆನ್ನಿನ ಅಳತೆ

ಬ್ರಿಟಿಷ್ ಸೈನ್ಯದ ಅಧಿಕಾರಿಗಳು ದಂಡಿನ ಸಂಗಡ ಒಯ್ಯುತ್ತಿದ್ದ ತೇಗದ, ಕರ್ಪೂರಮರದ ಪೆಟ್ಟಿಗೆಗಳಿಗೆ ಈಗ ಹರಾಜಿನಲ್ಲಿ ಒಳ್ಳೆಯ ಬೆಲೆಯಿದೆ. ಒಂದನ್ನು ಹತ್ತಿರದಿಂದ ನೋಡಿದರೆ ಯಾಕೆಂದು ತಿಳಿಯುತ್ತದೆ. ಮೇಲ್ನೋಟಕ್ಕೆ ಖಾನೆಗಳಿರುವ ಒಂದೇ ಪೆಟ್ಟಿಗೆ. ಎತ್ತಿದರೆ ಮೇಲಿನ ಅರ್ಧ ಬೇರೆ, ಕೆಳಗಿನ ಅರ್ಧ ಬೇರೆ. ಕಾಲುಗಳನ್ನು ತಿರುವಿದರೆ ಕಳಚಿಕೊಂಡು ಬರುತ್ತವೆ. ಪೆಟ್ಟು ಬೀಳುವ ಮೂಲೆಗಳಿಗೆ ಹಿತ್ತಾಳೆಯ ಕಟ್ಟು. ಬಿಗಿದ ಹಗ್ಗಕ್ಕೆ ತೊಡಕಾಗದಂತೆ ಹಿಡಿಕೆಗಳು ಮರದೊಳಗೇ ಹುದುಗಿ ಕೂತಿವೆ. ಮೆಚ್ಚುವವರು ಬಡಗಿಯ ಜಾಣತನವನ್ನು ಹೊಗಳುತ್ತಾರೆ, ಅದು ನ್ಯಾಯವೇ. ಆದರೆ ಪೆಟ್ಟಿಗೆ ಎರಡು ಹೋಳಾದದ್ದು ಯಾಕೆ? ಹೊರುವ ಪ್ರಾಣಿಯ ಎರಡೂ ಮಗ್ಗುಲಿಗೆ ಸಮತೂಕ ಬೀಳಬೇಕಲ್ಲ. ನಮ್ಮ ಸೀಮೆಯ ಹೇರೆತ್ತಿನ ಮೇಲೆ ಜೋಡಿ ಚೀಲ ಇಳಿಬಿಡುತ್ತಿದ್ದುದೂ ಇದೇ ಲೆಕ್ಕದಲ್ಲಿ. ಈ ಸಾಮಾನುಗಳಿಗೆ ಅಳತೆ ಕೊಟ್ಟದ್ದು ಲಂಡನ್ನಿನ ಅಂಗಡಿಯಲ್ಲ, ಭಾರ ಹೊತ್ತ ಪ್ರಾಣಿಯ ಬೆನ್ನು. ಅದನ್ನು ಹೊಡೆದುಕೊಂಡು ನಡೆದವರನ್ನು ಬಿಟ್ಟು ಈ ಪೆಟ್ಟಿಗೆಗಳ ಚರಿತ್ರೆ ಬರೆದರೆ ಅದು ಅರ್ಧ ಚರಿತ್ರೆ ಎಂಬುದೇ ನನ್ನ ವಾದ.

ಕೊಪ್ಪಳದ ಕೋಟೆಯನ್ನೇ ತೆಗೆದುಕೊಳ್ಳಿ. 1786ರಲ್ಲಿ ಟಿಪ್ಪು ಸುಲ್ತಾನ ಅದನ್ನು ಪಾಳೆಯಗಾರನಿಂದ ವಶಪಡಿಸಿಕೊಂಡು, ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಮತ್ತೆ ಕಟ್ಟಿಸಿದ. 1790ರಲ್ಲಿ ನಿಜಾಮನ ಸೈನ್ಯವೂ ಬ್ರಿಟಿಷರ ತುಕಡಿಯೂ ಸೇರಿ ಮುತ್ತಿಗೆ ಹಾಕಿದಾಗ ಕೋಟೆ ಸುಮಾರು ಆರು ತಿಂಗಳು ಬಗ್ಗಲಿಲ್ಲ. ಶರಣಾದದ್ದು 1791ರ ಏಪ್ರಿಲ್‌ನಲ್ಲಿ. ಅಂದರೆ ಅರ್ಧ ವರ್ಷ ಒಂದು ದಂಡು ಬೋಳು ಬಂಡೆಯ ಬುಡದಲ್ಲಿ ಬೀಡುಬಿಟ್ಟಿತ್ತು. ಡೇರೆಯಲ್ಲಿ ಮಡಚುಮಂಚವನ್ನು ಒಂದು ಸಲ ಬಿಚ್ಚಿದರೆ ಮುಗಿಯಿತು, ಅದು ಅಲ್ಲೇ ಇರುತ್ತದೆ. ಅಕ್ಕಿ, ಜೋಳ, ಹುರುಳಿ ಹಾಗಲ್ಲ. ಅವು ಬರುತ್ತಲೇ ಇರಬೇಕು. ಮಳೆ ಬಿದ್ದಾಗ ಯಲಬುರ್ಗಾದ ಎರೆಹೊಲಗಳಲ್ಲಿ ಬಂಡಿಯ ಗಾಲಿ ಹೂತುಹೋಗುತ್ತದೆ, ಹೇರೆತ್ತು ಮಾತ್ರ ಹೇಗೋ ಹೆಜ್ಜೆ ಕಿತ್ತಿಟ್ಟು ದಾಟುತ್ತದೆ. ಆ ಕಾಲದ ದಖ್ಖಣದಲ್ಲಿ ಇಂಥ ಸಾವಿರಾರು ಎತ್ತುಗಳನ್ನು ಸಾಕಿ, ದವಸ ಹೇರಿಕೊಂಡು ದಂಡಿನಿಂದ ದಂಡಿಗೆ ಸಾಗುತ್ತಿದ್ದವರು ಲಂಬಾಣಿಗಳು.

ಕೊಪ್ಪಳ ಬಿದ್ದ ಮರುತಿಂಗಳೇ ಶ್ರೀರಂಗಪಟ್ಟಣದ ಎದುರು, ದಂಡು ನಿಂತಿರುವುದು ಎತ್ತಿನ ಮೇಲೆಯೇ ಎಂಬುದಕ್ಕೆ ಇನ್ನೂ ಕಠೋರವಾದ ಸಾಕ್ಷಿ ಸಿಕ್ಕಿತು. ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಅರಕೆರೆಯಲ್ಲಿ ಟಿಪ್ಪುವಿನೆದುರು ಗೆದ್ದ, ಗೆದ್ದೂ ಹಿಂದಿರುಗಬೇಕಾಯಿತು. ಮೇವಿಲ್ಲದೆ, ರೋಗದಿಂದ ಎತ್ತುಗಳು ರಾಶಿರಾಶಿಯಾಗಿ ಸತ್ತಿದ್ದವು. ಎಳೆಯುವ ಎತ್ತಿಲ್ಲದ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಹೊರಟ. ಎತ್ತು ಸತ್ತ ದಿನ, ಎಂಥ ತಿರುಪು ಎಂಥ ಕೀಲು ಇದ್ದರೂ, ಮರದ ಪೆಟ್ಟಿಗೆ ಬರೀ ಭಾರ. ಇದಕ್ಕೆ ಎದುರಾಗಿ, ಟಿಪ್ಪುವಿನ ದಂಡಿನ ವೇಗಕ್ಕೆ ಅಮೃತಮಹಲ್ ತಳಿಯ ಎತ್ತುಗಳು ಕಾರಣವೆಂದು ಅವನ ಶತ್ರುಗಳೇ ಒಪ್ಪಿಕೊಂಡಿದ್ದಾರೆ.

ರೂರ್ಕಿ ಕುರ್ಚಿಯನ್ನು ತೋರಿಸಿ ನನ್ನ ವಾದವನ್ನು ಅಲ್ಲಗಳೆಯಬಹುದು. ಭಾರತೀಯ ಸೈನ್ಯದ ಎಂಜಿನಿಯರುಗಳ ನೆಲೆಯಾಗಿದ್ದ ರೂರ್ಕಿಯ ಹೆಸರು ಹೊತ್ತ ಆ ಕುರ್ಚಿ ನಾಲ್ಕು ಕಾಲು, ಅಡ್ಡಕೋಲುಗಳು, ಕ್ಯಾನ್ವಾಸು, ಬೆಲ್ಟುಗಳಷ್ಟೇ. ಬಿಚ್ಚಿ ಸುತ್ತಿದರೆ ಕಂಕುಳಲ್ಲಿ ಹಿಡಿಯುವ ಕಟ್ಟು. ಅಂಟಿಲ್ಲದ ಕೂಡುಗಳು ಸಡಿಲವಾದ್ದರಿಂದ ಏರುಪೇರು ನೆಲದಲ್ಲೂ ನಾಲ್ಕು ಕಾಲೂ ಊರುತ್ತವೆ. ಡೆನ್ಮಾರ್ಕಿನ ವಿನ್ಯಾಸಕ ಕಾರೆ ಕ್ಲಿಂಟ್ 1933ರಲ್ಲಿ ಇದರಿಂದಲೇ ತನ್ನ ಸಫಾರಿ ಕುರ್ಚಿ ಮಾಡಿದ. ಇದು ನಿಜವಾದ ಸಾಧನೆ, ಅನುಮಾನವಿಲ್ಲ. ಆದರೆ ಹಗುರ ಯಾಕೆ ಬೇಕಾಯಿತು ಎಂದು ಕೇಳಿದರೆ ಉತ್ತರ ಮತ್ತೆ ಹೊರುವ ಪ್ರಾಣಿಯ ಹತ್ತಿರವೇ ಬಂದು ನಿಲ್ಲುತ್ತದೆ. ಕುರ್ಚಿಯ ಒಂದೊಂದು ಸೇರು ಉಳಿದರೂ ಅಷ್ಟು ದವಸಕ್ಕೆ ಜಾಗವಾಗುತ್ತಿತ್ತು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ: ಲಂಬಾಣಿಗಳು ಯಾರ ಪಕ್ಷವೂ ಅಲ್ಲ, ದುಡ್ಡು ಕೊಟ್ಟವರಿಗೆ ಧಾನ್ಯ ಮಾರಿದ ವ್ಯಾಪಾರಿಗಳು, ಅವರಿಗೆ ಈ ಗೌರವ ಯಾಕೆ? ನನಗೆ ಇದು ಅವರ ಪರವಾದ ಮಾತಾಗಿಯೇ ಕೇಳುತ್ತದೆ. ಅವರು ಯಾರದೋ ಸಾಮಾನು ಹೊರುವ ಆಳುಗಳಲ್ಲ. ತಮ್ಮ ಎತ್ತು, ತಮ್ಮ ಬಂಡವಾಳ, ತಮ್ಮ ದಾರಿ ಇಟ್ಟುಕೊಂಡು ನಡೆದ ಸಮುದಾಯ. ದಂಡುಗಳು ಅವರನ್ನು ನೆಚ್ಚಿದ್ದವು, ಅವರು ದಂಡನ್ನಲ್ಲ.

ಉಳಿದಿರುವ ವಸ್ತುಗಳ ಮೇಲೆ ತಾನೇ ಚರಿತ್ರೆ ಬರೆಯುವುದು ಎನ್ನುವವರೂ ಇದ್ದಾರೆ. ಟಿಪ್ಪುವಿನ ಹೂಚಿತ್ತಾರದ ಡೇರೆ ವೇಲ್ಸಿನ ಪೋವಿಸ್ ಕೋಟೆಯಲ್ಲಿ ಉಳಿದಿದೆ, ಪೆಟ್ಟಿಗೆಗಳು ಉಳಿದಿವೆ, ಎತ್ತಿನ ಬೆನ್ನು ಉಳಿಯುವುದಿಲ್ಲ. ಒಪ್ಪೋಣ. ಆದರೆ ಜನ ಉಳಿದಿದ್ದಾರೆ. ರಸ್ತೆ, ರೈಲು ಬಂದು ಹೇರಿನ ವ್ಯಾಪಾರ ಮುರಿಯಿತು. ಯಾರ ಎತ್ತುಗಳನ್ನು ನಂಬಿ ಸರ್ಕಾರದ ದಂಡು ನಡೆದಿತ್ತೋ ಆ ಸಮುದಾಯದ ಹಲವು ಗುಂಪುಗಳಿಗೆ ಅದೇ ಸರ್ಕಾರ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಡಿ ಕಳ್ಳರ ಪಟ್ಟ ಕಟ್ಟಿತು. ಇವತ್ತು ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಲ್ಲಿ ಅವರ ತಾಂಡಾಗಳಿವೆ. ಹೇರು ಹೇಗೆ ಕಟ್ಟುತ್ತಿದ್ದರು, ಎತ್ತಿಗೆ ಎಷ್ಟು ಭಾರ, ಬಿಡಾರಕ್ಕೆ ಎಂಥ ನೀರಿನ ನೆಲೆ ಬೇಕು ಎಂಬುದನ್ನು ಹಿರಿಯರ ಬಾಯಿಂದ, ಅವರ ಹಾಡುಗಳಿಂದ ಕೇಳಿ ಬರೆದಿಟ್ಟುಕೊಳ್ಳುವ ಕೆಲಸವನ್ನು ಕೊಪ್ಪಳದ ಕಾಲೇಜುಗಳ ಇತಿಹಾಸ ವಿಭಾಗಗಳು ಈ ವರ್ಷವೇ ಶುರುಮಾಡಬಹುದು.